ಹೋಮ್‌ಸ್ಟೇಗೆ ಬೇಕಾದಷ್ಟು ಇಂಗ್ಲಿಷ್ ಎಲ್ಲಿಂದ ಶುರು ಮಾಡೋದು?

ಕಡಲತಡಿ: ಗೋಕರ್ಣದ ಕುಡ್ಲೆ ಬೀಚ್ ಹತ್ತಿರ ಹೋಮ್‌ಸ್ಟೇ ಇದೆ. ವಿದೇಶಿ ಅತಿಥಿಗಳು ಹೇಳಿದ್ದು ಅರ್ಥ ಆಗ್ತದೆ, ಉತ್ತರ ಮಾತ್ರ ಬಾಯಿಗೆ ಬರೋದಿಲ್ಲ. ವ್ಯಾಕರಣದಿಂದ ಶುರು ಮಾಡಬೇಕಾ?

ಕುಮಟಾ ಮಾಸ್ತರು: ಬೇಡ. ಬಿಡಿ ಶಬ್ದವನ್ನೂ ಬಾಯಿಪಾಠ ಮಾಡಬೇಡಿ, ಇಡೀ ವಾಕ್ಯ ಕಲಿಯಿರಿ. ‘ವುಡ್ ಯು ಲೈಕ್’ ನಾಲಿಗೆಗೆ ಕೂತರೆ ಮುಂದೆ ಟೀ, ಟವೆಲ್, ಏನು ಬೇಕಾದರೂ ಸೇರಿಸಬಹುದು. ದಿನಕ್ಕೆ 5 ಸಾಕು. ಚೀಟಿಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಬರೆಯಿರಿ. ಕನ್ನಡ ನೋಡಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಆಮೇಲೇ ತಿರುಗಿಸಿ. ಮರುದಿನ, 3ನೇ ದಿನ, 7ನೇ ದಿನ ಮತ್ತೆ. ಬರೀ ಓದ್ತಾ ಹೋದರೆ ಗುರುತು ಸಿಗ್ತದೆ, ಬಾಯಿಗೆ ಬರೋದಿಲ್ಲ; ನಿಮ್ಮ ತೊಂದರೆಯೂ ಅದೇ. ಅಂದಹಾಗೆ ‘ಐ ಆಮ್ ಹ್ಯಾವಿಂಗ್ ಟೂ ರೂಮ್ಸ್’ ಅಲ್ಲ, ‘ಐ ಹ್ಯಾವ್’.

ಬಂಗಡೆಪ್ರಿಯ: ಊಟದ ಶಬ್ದ ಮೊದಲು. ಮೊಸರಿಗೆ ‘ಕರ್ಡ್’ ಬದಲು ‘ಯೋಗರ್ಟ್’ ಅನ್ನಿ. ಬದನೆ ಅಮೆರಿಕದವರಿಗೆ ಎಗ್‌ಪ್ಲಾಂಟ್, ಬ್ರಿಟಿಷರಿಗೆ ಓಬರ್ಜೀನ್. ಬಂಗಡೆ ಮ್ಯಾಕರೆಲ್. ಸಿಗಡಿ ಬಡಿಸುವ ಮುಂಚೆ ‘ಆರ್ ಯು ಅಲರ್ಜಿಕ್ ಟು ಎನಿಥಿಂಗ್?’ ಕೇಳಲೇಬೇಕು. ಮಸಾಲೆಯಲ್ಲಿ ಗೋಡಂಬಿ ಇದ್ದರೆ ಅದನ್ನೂ ಹೇಳಿ.

ಶಿರಸಿ ಘಟ್ಟ: ದುಡ್ಡಿನ ಮಾತಲ್ಲಿ ಎಚ್ಚರ. ಫಿಫ್ಟೀನ್, ಫಿಫ್ಟಿ ಒಂದೇ ತರ ಕೇಳ್ತದೆ. 15ಕ್ಕೆ ಒತ್ತು ಕೊನೆಯಲ್ಲಿ, 50ಕ್ಕೆ ಮೊದಲಲ್ಲಿ. ಆದರೂ ಬರೆದು ತೋರಿಸೋದೇ ಕ್ಷೇಮ. ಊರಲ್ಲಿ ಇಲ್ಲದಿದ್ದರೆ ‘ಔಟ್ ಆಫ್ ಸ್ಟೇಷನ್’ ಅನ್ನಬೇಡಿ, ಅವರ ತಲೆಗೆ ರೈಲ್ವೆ ಸ್ಟೇಷನ್ನೇ ಬರ್ತದೆ. ‘ಔಟ್ ಆಫ್ ಟೌನ್’ ಅನ್ನಿ.