ಜಪಾನ್ ಕಸ್ಟಮರ್, ಜರ್ಮನ್ ಕಸ್ಟಮರ್, ಅಮೆರಿಕನ್ ಕಸ್ಟಮರ್: ಸ್ಟ್ಯಾಂಡರ್ಡ್ ಒಂದೇ, ಆಡಿಟ್ ಮಾತ್ರ ಮೂರು ಥರ ಯಾಕೆ?

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಶಾಪಲ್ಲಿ ಕ್ವಾಲಿಟಿ ನೋಡ್ಕೊತೀನಿ, ಹೆಚ್ಚುಕಮ್ಮಿ ಎಲ್ಲಾ ಟರ್ನಿಂಗ್ ಕೆಲಸ, ಆಟೋಮೊಬೈಲ್ ಪಾರ್ಟ್ಸು. ಕಸ್ಟಮರ್ ಮೂರು ಕಡೆಯವ್ರಿದಾರೆ, ಜಪಾನ್, ಜರ್ಮನ್, ಅಮೆರಿಕನ್, ಹೆಸ್ರು ಬೇಡ ಬಿಡಿ. ಮೂವರಿಗೂ ಬೇಕಾಗಿರೋ ಸರ್ಟಿಫಿಕೇಟ್ ಒಂದೇ, ಆಟೋಮೊಬೈಲ್ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949, ಫ್ರೇಮ್ ಹಾಕ್ಸಿ ರಿಸೆಪ್ಷನಲ್ಲಿ ತಗಲಾಕಿದೀವಿ. ಆದ್ರೆ ಆಡಿಟ್ ಶುರು ಆದ್ರೆ ಮೂರೂ ಬೇರೆ ಬೇರೆ ಲೋಕ.

ಜಪಾನಿನವ್ರು ಫೈಲ್ ಜಾಸ್ತಿ ಮುಟ್ಟಲ್ಲ, ಸೀದಾ ಮಷೀನ್ ಹತ್ರ ಹೋಗಿ ನಿಂತ್ಕೊಂಡು, ಬಿನ್ನಿಂದ ಒಂದು ಪೀಸ್ ಎತ್ತಿ ನೋಡಿ, ಆಪರೇಟರನ್ನೇ ಕೇಳ್ತಾರೆ, ನಿನ್ನೆ ಇಲ್ಲಿ ಯಾರಿದ್ರು, ಇನ್ಸರ್ಟ್ (ಕತ್ತರಿಸೋ ಟೂಲಿನ ತುದಿ) ಯಾವಾಗ ಚೇಂಜ್ ಮಾಡಿದ್ರಿ, ಮಾಡಿದ್ಮೇಲೆ ಎಷ್ಟನೇ ಪೀಸ್ ಅಳೆದ್ರಿ ಅಂತ. ಜರ್ಮನಿಯವ್ರು ಪ್ರಶ್ನೆ ಪಟ್ಟಿ ಹಿಡ್ಕೊಂಡು ಒಂದೊಂದಕ್ಕೂ ಮಾರ್ಕ್ಸ್ ಹಾಕ್ತಾ ಹೋಗ್ತಾರೆ, ನಗು ಇಲ್ಲ ಏನಿಲ್ಲ. ಅಮೆರಿಕದವ್ರು ಬರೋದೇ ಅಪರೂಪ, ಎಲ್ಲಾ ಪೋರ್ಟಲ್ಲು, ಪಿಪ್ಯಾಪ್ (ಪಾರ್ಟ್ ಅಪ್ರೂವಲ್ ದಾಖಲೆ) ಫೈಲ್ ಹಾಕು, ಸಿಪಿಕೆ (ಪ್ರೋಸೆಸ್ ಅಳತೆ ಮಿತಿಯೊಳಗೆ ಎಷ್ಟು ಚೆನ್ನಾಗಿ ಕೂರುತ್ತೆ ಅನ್ನೋ ಲೆಕ್ಕ) ತೋರ್ಸು, ರಿಜೆಕ್ಷನ್ ಬಂದ್ರೆ 24 ಗಂಟೇಲಿ ಕಂಟೈನ್‌ಮೆಂಟ್ (ಕೆಟ್ಟ ಪೀಸ್ ಮುಂದೆ ಹೋಗ್ದಂಗೆ ತಡೆಯೋದು) ಕೊಡು, ಆಮೇಲೆ 8ಡಿ (ಎಂಟು ಹಂತದ ಸಮಸ್ಯೆ ರಿಪೋರ್ಟು), ಆಮೇಲೆ ಅವ್ರ ಕಡೆಯಿಂದ ನಷ್ಟದ ದುಡ್ಡು ಕಡಿಯೋ ಡೆಬಿಟ್ ನೋಟು.

ನಮ್ಮ ಓನರ್ ಹೇಳೋದು, ಮೂರು ಕಸ್ಟಮರ್‌ಗೆ ಮೂರು ಸಿಸ್ಟಮ್ ಇಡೋಕೆ ಜನ ಇಲ್ಲ, ಒಂದನ್ನ ಹಿಡ್ಕೊಳ್ಳಿ ಅಂತ. ಯಾವುದನ್ನ ಹಿಡ್ಕೊಳ್ಳೋದು? ಮತ್ತೆ ಈ ಫರಕ್ ಬಂದಿದ್ದಾದ್ರೂ ಎಲ್ಲಿಂದ?

ಬಿಡದಿ ಲೈನ್‌ಮ್ಯಾನ್

ಜಪಾನ್ ಕಡೆದು ನಾನು ಹೇಳ್ತೀನಿ, ಬಿಡದಿಯಲ್ಲಿ ಸಪ್ಲೈಯರ್ ಕಡೆ ಕೆಲಸ ಮಾಡಿರೋನು.

ಅವ್ರು ಮಷೀನ್ ಹತ್ರ ಹೋಗೋದಕ್ಕೆ ಕಾರಣ ಕಾರಿಗಿಂತ ಹಳೇದು, ಮಗ್ಗದ ಕಾಲದ್ದು. ಟೊಯೋಡಾ ಸಾಕಿಚಿ ಅಂತ, ಟೊಯೋಟಾ ಕಂಪನಿ ಶುರು ಮಾಡಿದವ್ರ ಅಪ್ಪ, ಅವ್ರು 1924ರಲ್ಲಿ ಒಂದು ಆಟೋಮ್ಯಾಟಿಕ್ ಮಗ್ಗ ತಂದ್ರು, ದಾರ ತುಂಡಾದ್ರೆ ಮಗ್ಗ ತಾನೇ ನಿಂತ್ಬಿಡ್ತಿತ್ತು. ನಿಲ್ಲದೇ ಇದ್ರೆ ಏನಾಗುತ್ತೆ, ದಾರ ಇಲ್ದೇ ಗಜಗಟ್ಲೆ ಕೆಟ್ಟ ಬಟ್ಟೆ ನೇಯ್ಕೊಂಡು ಹೋಗುತ್ತೆ, ಸಂಜೆ ಚೆಕ್ ಮಾಡೋನು ಅದನ್ನ ಎತ್ತಿ ಬಿಸಾಕ್ಬೇಕು. ನಿಂತ್ರೆ ಕೆಟ್ಟಿದ್ದು ಮುಂದೆ ಹೋಗಲ್ಲ, ಜೊತೆಗೆ ಒಬ್ನೇ ಸುಮಾರು ಮಗ್ಗ ನೋಡ್ಕೋಬಹುದು. ಇದನ್ನೇ ಜಿಡೋಕಾ ಅಂತಾರೆ. ಆಮೇಲೆ ಕಾರ್ ಲೈನಲ್ಲಿ ತೊಂದ್ರೆ ಕಂಡ್ರೆ ಕೆಲಸಗಾರ ಎಳೆಯೋ ಆಂಡಾನ್ ಹಗ್ಗ ಬಂದಿದ್ದೂ ಅದೇ ಯೋಚನೆಯಿಂದ. ಹಗ್ಗ ಎಳೆದ ತಕ್ಷಣ ಲೈನ್ ನಿಂತೋಗುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಹಾಗಲ್ಲ. ಎಳೆದ್ರೆ ಲೈಟ್ ಬೀಳುತ್ತೆ, ಟೀಮ್ ಲೀಡರ್ ಓಡಿ ಬರ್ತಾನೆ, ಗಾಡಿ ತನ್ನ ಸ್ಟೇಷನ್ ಕೊನೆ ಗೆರೆ ತಲುಪೋ ಅಷ್ಟ್ರಲ್ಲಿ ಸರಿಹೋದ್ರೆ ಲೈನ್ ನಿಲ್ಲೋದೇ ಇಲ್ಲ, ಸರಿಹೋಗ್ದಿದ್ರೆ ಮಾತ್ರ ಆ ಗೆರೆಯಲ್ಲಿ ನಿಲ್ಲುತ್ತೆ. ಅಂದ್ರೆ ಎಳೆಯೋನ ಕೆಲಸ ಕರೆಯೋದು, ಬರೋದು ಲೀಡರ್ ಜವಾಬ್ದಾರಿ.

ಅದಕ್ಕೇ ನಿಮ್ಮ ಆಪರೇಟರನ್ನ ಕೇಳೋದು. ನಿನ್ನೆ ಯಾರಿದ್ರು ಅನ್ನೋದು ಕುಶಲೋಪರಿ ಅಲ್ಲ ಗುರು, 4ಎಂ ಚೇಂಜ್ ನೋಡ್ತಿದಾರೆ, ಮ್ಯಾನ್, ಮಷೀನ್, ಮೆಟೀರಿಯಲ್, ಮೆಥಡ್ ಇವುಗಳಲ್ಲಿ ಏನು ಬದಲಾಯ್ತೋ ಅಲ್ಲೇ ಡಿಫೆಕ್ಟ್ ಹುಟ್ಟುತ್ತೆ ಅನ್ನೋದು ಅವ್ರ ಲೆಕ್ಕ. ರಜಾಕ್ಕೆ ಹೋದವನ ಜಾಗದಲ್ಲಿ ಹೊಸಬ ನಿಂತಿದ್ರೆ ಅದೇ ಅವ್ರಿಗೆ ದೊಡ್ಡ ಸುದ್ದಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಸಪ್ಲೈಯರ್ ಕ್ವಾಲಿಟಿಯಲ್ಲೇ ಇದೀನಿ, ಆ ನಗದೇ ಇರೋರಲ್ಲಿ ನಾನೂ ಒಬ್ಬ 😄

ನಿಮ್ಮಲ್ಲಿಗೆ ಬಂದಿದ್ದು ಜರ್ಮನ್ ಆಟೋಮೊಬೈಲ್ ಉದ್ಯಮ ಸಂಘದ ವಿಡಿಎ 6.3 ಪ್ರೋಸೆಸ್ ಆಡಿಟ್ ಅನ್ಸುತ್ತೆ. ಒಂದು ಪ್ರಶ್ನೆಗೆ 0, 4, 6, 8, 10 ಇಷ್ಟೇ ಮಾರ್ಕ್ಸ್, ಮಧ್ಯೆ 7 ಕೊಡೋ ಹಾಗಿಲ್ಲ. ಒಟ್ಟು 90 ಪರ್ಸೆಂಟ್ ಮೇಲೆ ಬಂದ್ರೆ ಎ, 80ರಿಂದ 90ರೊಳಗೆ ಬಿ, ಕೆಳಗೆ ಸಿ. ಸ್ಟಾರ್ ಹಾಕಿರೋ ಕೆಲವು ಪ್ರಶ್ನೆ ಇವೆ, ಅಲ್ಲಿ ಕೈ ಕೊಟ್ರೆ ಒಟ್ಟು ಎಷ್ಟೇ ಚೆನ್ನಾಗಿದ್ರೂ ಗ್ರೇಡ್ ಇಳಿಯುತ್ತೆ.

ಹಿನ್ನೆಲೆ ಕೇಳಿದ್ರಲ್ಲ, ಇಲ್ಲಿ ಎಲ್ಲದಕ್ಕೂ ಬಾಯ್ಲರ್ ಕಥೆ. 1865ರಲ್ಲಿ ಮಾನ್‌ಹೈಮ್ ಊರಲ್ಲಿ ಒಂದು ಬಿಯರ್ ಫ್ಯಾಕ್ಟರಿ ಬಾಯ್ಲರ್ ಸಿಡೀತು, ಮುಂದಿನ ವರ್ಷ ಬಾಯ್ಲರ್ ಮಾಲೀಕರೇ ಸೇರ್ಕೊಂಡು ತಮ್ಮ ಬಾಯ್ಲರ್‌ಗಳನ್ನ ತಾವೇ ಪರೀಕ್ಷೆ ಮಾಡಿಸೋಕೆ ಸಂಘ ಕಟ್ಟಿದ್ರು. ಈಗ ಎಲ್ಲರೂ ಕೇಳಿರೋ ತಪಾಸಣೆ ಸಂಸ್ಥೆ ಟ್ಯೂಫ್ (TÜV) ಹುಟ್ಟಿದ್ದು ಅಂಥ ಸಂಘಗಳಿಂದ. ಹೊರಗಿನ ತಜ್ಞ ಬಂದು ನೋಡಿ ಸೀಲ್ ಹಾಕೋದು ಇಲ್ಲಿಯವ್ರಿಗೆ ಅವಮಾನ ಅನ್ಸೋದೇ ಇಲ್ಲ. ಎರಡನೇದು ಟ್ರೈನಿಂಗ್. ಟರ್ನರ್ ಆಗ್ಬೇಕಂದ್ರೆ ಮೂರು, ಮೂರೂವರೆ ವರ್ಷ ಅರ್ಧ ಶಾಲೆ ಅರ್ಧ ಕಂಪನಿ, ಆಮೇಲೆ ಅನುಭವ ಆಗಿ ಇನ್ನೊಂದು ಪರೀಕ್ಷೆ ಪಾಸಾದ್ರೆ ಮೈಸ್ಟರ್. ಫ್ಲೋರಲ್ಲಿ ಮೈಸ್ಟರ್ ಮಾತಿಗೆ ಇರೋ ತೂಕ ಮೊನ್ನೆ ಡಿಗ್ರಿ ಮುಗಿಸಿ ಬಂದ ಎಂಜಿನಿಯರ್ ಮಾತಿಗಿಲ್ಲ. ಹಾಗಾಗಿ ನಾವು ಕೇಳೋ ಪ್ರಶ್ನೆ, ಈ ಮನುಷ್ಯನಿಗೆ ಈ ಕೆಲಸ ಬರುತ್ತಾ, ಅವನ ಅಧಿಕಾರ ಏನು ಅಂತ ಅವನಿಗೇ ಗೊತ್ತಾ ಅಂತ. ಹಗ್ಗ ಇದ್ಯಾ ಅಂತ ಕೇಳಲ್ಲ, ಆದ್ರೆ ತಿರುಗಿ ಮುರುಗಿ ಅದೇ ಜಾಗಕ್ಕೆ ಬರ್ತೀವಿ.

ಹಳೇ ಎಸ್‌ಕ್ಯೂಸಿ

ಅಮೆರಿಕದ ವಿಷ್ಯ ಯಾರೂ ಹೇಳ್ಲಿಲ್ಲ, ನಾನ್ ಹೇಳ್ತೀನಿ. ರಿಟೈರ್ ಆದವ್ನು, ಟೈಮ್ ಇದೆ.

ಪೋರ್ಟಲ್ಲು, ಪೇಪರು, ಡೆಬಿಟ್ ನೋಟು ಇದೆಲ್ಲಾ ಮಿಲಿಟರಿ ಖರೀದಿಯ ಮಕ್ಕಳು. ನೂರಾರು ಸಪ್ಲೈಯರ್, ಯಾರನ್ನೂ ನಂಬೋಕಾಗಲ್ಲ, ಒಬ್ಬೊಬ್ರ ಪೀಸ್ ಅಳೀತಾ ಕೂರೋಕೂ ಆಗಲ್ಲ, ಅದಕ್ಕೆ 1959ರಲ್ಲಿ ಅಮೆರಿಕದ ಸೇನೆ ಮಿಲ್-ಕ್ಯೂ-9858 ಅಂತ ತಂದು, ನಿನ್ನ ಫ್ಯಾಕ್ಟರಿಯಲ್ಲಿ ಇಂಥಿಂಥ ಪದ್ಧತಿ ಇದೆ ಅಂತ ದಾಖಲೆ ತೋರ್ಸು ಅಂತು. ಬ್ರಿಟನ್ನಿನವ್ರು ಅದೇ ಜಾಡಲ್ಲಿ 1979ರಲ್ಲಿ ಬಿಎಸ್ 5750 ಮಾಡಿದ್ರು, ಅದ್ರಿಂದ 1987ರಲ್ಲಿ ಐಎಸ್ಒ 9000. ಡೆಟ್ರಾಯಿಟಿನ ಮೂವರು, ಜಿಎಂ (ಜನರಲ್ ಮೋಟರ್ಸ್), ಫೋರ್ಡ್, ಕ್ರೈಸ್ಲರ್ ಸೇರಿ 1994ರಲ್ಲಿ ಕ್ಯೂಎಸ್-9000 ತಂದ್ರು, ನಿಮ್ಮ ಗೋಡೆ ಮೇಲಿರೋ ಸರ್ಟಿಫಿಕೇಟ್ ಅದರ ಮೊಮ್ಮಗ. ಇದು ಕೊಳ್ಳೋನು ಮಾರೋನ ಮೇಲೆ ಇಟ್ಟ ಅಪನಂಬಿಕೆ, ಕಾಂಟ್ರ್ಯಾಕ್ಟ್ ಭಾಷೆ. ಕೆಟ್ಟದ್ದು ಅಂತಲ್ಲ, ಸಾವಿರಾರು ಮೈಲಿ ದೂರ ಕೂತು ಕೊಳ್ಳೋನಿಗೆ ಬೇರೆ ದಾರಿ ಇಲ್ಲ.

ಆದ್ರೆ ನನಗೆ ಹೊಟ್ಟೆ ಉರಿಯೋ ವಿಷ್ಯ ಬೇರೆ. ಅಳತೆ ಹಾದಿ ತಪ್ತಿದ್ಯಾ ಅಂತ ತೋರ್ಸೋ ಕಂಟ್ರೋಲ್ ಚಾರ್ಟ್ ಕಂಡುಹಿಡಿದವ್ರು ಆಮೇಲೆ ಬೆಲ್ ಲ್ಯಾಬಲ್ಲಿದ್ದ ವಾಲ್ಟರ್ ಶೆವಾರ್ಟ್, 1924ರಲ್ಲಿ. ಅವ್ರ ಶಿಷ್ಯನ ಥರ ಇದ್ದ ಅಮೆರಿಕದ ಸ್ಟ್ಯಾಟಿಸ್ಟಿಕ್ಸ್ ತಜ್ಞ ಡೆಮಿಂಗ್ ಜಪಾನಿಗೆ ಹೋಗಿ ಪಾಠ ಮಾಡಿದ್ದು 1950ರಲ್ಲಿ. ಅದಕ್ಕೂ ಮುಂಚೆ, 1947-48ರಲ್ಲೇ, ನಮ್ಮ ಸ್ಟ್ಯಾಟಿಸ್ಟಿಕ್ಸ್ ತಜ್ಞ ಮಹಾಲನೋಬಿಸ್ ಕರೆಸ್ಕೊಂಡು ಶೆವಾರ್ಟ್ ಅವ್ರೇ ಇಂಡಿಯಾಗೆ ಬಂದು ಊರೂರು ತಿರುಗಿ ಹೋಗಿದ್ರು! ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವ್ರು ಆಮೇಲೆ ಎಸ್‌ಕ್ಯೂಸಿ (ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್) ಯೂನಿಟ್ ಶುರು ಮಾಡಿದ್ರು, ಬೆಂಗಳೂರಲ್ಲೂ ಇದೆ. ಗುರು ನಮ್ಮಲ್ಲಿಗೆ ಮೊದಲು ಬಂದ್ರೂ ಪಾಠ ಹತ್ತಿದ್ದು ಅವ್ರಿಗೆ. ಯಾಕಂದ್ರೆ ಅಲ್ಲಿ ಡೆಮಿಂಗ್ ಎಂಜಿನಿಯರ್‌ಗಳ ಜೊತೆಗೆ ಕಂಪನಿ ಮುಖ್ಯಸ್ಥರನ್ನೂ ಕೂರಿಸ್ಕೊಂಡು ಹೇಳಿದ್ರು, 1954ರಲ್ಲಿ ಇನ್ನೊಬ್ಬ ಅಮೆರಿಕನ್ ಕ್ವಾಲಿಟಿ ತಜ್ಞ ಜುರಾನ್ ಬಂದು ಮ್ಯಾನೇಜರ್‌ಗಳಿಗೆ ಹೇಳಿದ್ರು, 1962ರಿಂದ ಇಶಿಕಾವಾ ಅವ್ರ ಕ್ಯೂಸಿ ಸರ್ಕಲ್ (ಕೆಲಸಗಾರರೇ ಸೇರಿ ಕ್ವಾಲಿಟಿ ಚರ್ಚೆ ಮಾಡೋ ಗುಂಪು) ಬಂದು ಫೋರ್‌ಮ್ಯಾನ್‌ವರೆಗೂ ಇಳೀತು. ಮೇಲಾಗಿ ಅವ್ರು ರಫ್ತು ಮಾಡದೇ ಬದುಕೋ ಹಾಗಿರ್ಲಿಲ್ಲ. ನಮ್ಮಲ್ಲಿ ಲೈಸೆನ್ಸ್ ರಾಜ್, ಸ್ಕೂಟರ್‌ಗೆ ದುಡ್ಡು ಕಟ್ಟಿ ವರ್ಷಗಟ್ಲೆ ಕಾಯೋ ಜನ, ಕಾಯೋನಿಗೆ ಕ್ವಾಲಿಟಿ ಕೊಡೋರ್ಯಾರು? ಚಾರ್ಟು ಸ್ಟ್ಯಾಟಿಸ್ಟಿಕ್ಸ್ ಓದಿದವ್ರ ರೂಮಲ್ಲೇ ಉಳೀತು. 1991ರ ಮೇಲೆ ಪೈಪೋಟಿ ಬಂತು ನೋಡಿ, 1998ರಲ್ಲಿ ಚೆನ್ನೈನ ಸುಂದರಂ ಕ್ಲೇಟನ್‌ಗೆ ಜಪಾನಿನ ಕ್ವಾಲಿಟಿ ಪ್ರಶಸ್ತಿ ಡೆಮಿಂಗ್ ಪ್ರೈಜ್, 2002ರಲ್ಲಿ ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಮೋಟರ್‌ಗೆ. ಅದೇ ಜನ, ಅದೇ ನೀರು.

ಸಂಶಯ ಪಿಶಾಚಿ

ಜಪಾನ್ ಶಿಸ್ತು, ಜರ್ಮನ್ ನಿಖರತೆ ಅಂತ ಪೂಜೆ ಜಾಸ್ತಿ ಆಗ್ತಿದೆ. 2017ರಲ್ಲಿ ಕೋಬೆ ಸ್ಟೀಲ್ ಅಲ್ಯೂಮಿನಿಯಂ, ತಾಮ್ರದ ಟೆಸ್ಟ್ ಡೇಟಾ ತಿದ್ದಿತ್ತು ಅಂತ ಒಪ್ಕೊಂಡ್ತು, ಅದೇ ವರ್ಷ ನಿಸ್ಸಾನ್‌ನಲ್ಲಿ ಕ್ವಾಲಿಫೈ ಆಗದೇ ಇರೋರು ಫೈನಲ್ ಇನ್‌ಸ್ಪೆಕ್ಷನ್ ಮಾಡ್ತಿದ್ದಿದ್ದು ಹೊರಬಂತು, 2023ರಲ್ಲಿ ಸೇಫ್ಟಿ ಟೆಸ್ಟಲ್ಲಿ ಮೋಸ ಹೊರಬಂದು ಡೈಹಾಟ್ಸು ಗಾಡಿ ಕಳ್ಸೋದನ್ನೇ ನಿಲ್ಲಿಸ್ಬೇಕಾಯ್ತು. ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆ ಟೆಸ್ಟಿನ ಮೋಸ, 2015ರದ್ದು, ಎಲ್ರಿಗೂ ಗೊತ್ತು. ಸೀಲ್ ಎಲ್ಲಾ ಇತ್ತು ಅಲ್ವಾ ಸ್ಟುಟ್‌ಗಾರ್ಟ್ ಅವ್ರೇ?

ಸಂಸ್ಕೃತಿ ಅನ್ನೋ ವಾದಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಜಿಎಂ ಫ್ಯಾಕ್ಟರಿ, ಗೈರುಹಾಜರಿಗೆ ಜಗಳಕ್ಕೆ ಹೆಸರುವಾಸಿ, 1982ರಲ್ಲಿ ಬಾಗಿಲು ಹಾಕಿದ್ರು. 1984ರಲ್ಲಿ ಟೊಯೋಟಾ ಜಿಎಂ ಸೇರಿ ನಮ್ಮಿ ಅಂತ ಮತ್ತೆ ತೆಗೆದ್ರು, ಹಳೇ ಕೆಲಸಗಾರರನ್ನೇ ಬಹುಪಾಲು ವಾಪಸ್ ತಗೊಂಡ್ರು, ಯೂನಿಯನ್ನೂ ಅದೇ. ಕೆಲವ್ರನ್ನ ಜಪಾನಿಗೆ ಕರ್ಕೊಂಡೋಗಿ ತೋರ್ಸಿದ್ರು, ಹಗ್ಗ ಕೈಗೆ ಕೊಟ್ರು. ಸ್ವಲ್ಪ ಸಮಯದಲ್ಲೇ ಜಿಎಂನ ಒಳ್ಳೇ ಫ್ಯಾಕ್ಟರಿಗಳಲ್ಲಿ ಒಂದಾಯ್ತು. ದೇಶ ಬದಲಾಗಿಲ್ಲ, ಜನ ಬದಲಾಗಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಡೀಸೆಲ್‌ಗೆ ನನ್ನ ಹತ್ರ ಉತ್ತರ ಇಲ್ಲ ಮಾರಾಯ್ರೆ, ಅದು ಪ್ರೋಸೆಸ್ ತಪ್ಪಿದ್ದಲ್ಲ, ಬೇಕಂತ್ಲೇ ಮಾಡಿದ್ದು. ಮೋಸ ಹಿಡಿಯೋಕೆ ವಿಡಿಎ ಪ್ರಶ್ನೆ ಪಟ್ಟಿ ಸಾಲಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ರಿಗೂ ಥ್ಯಾಂಕ್ಸ್, ಇಷ್ಟೆಲ್ಲಾ ಬರುತ್ತೆ ಅನ್ಕೊಂಡಿರ್ಲಿಲ್ಲ. ಹಳೇ ಎಸ್‌ಕ್ಯೂಸಿ ಸರ್, ಶೆವಾರ್ಟ್ ಇಂಡಿಯಾಗೆ ಬಂದಿದ್ದು ಈಗ್ಲೇ ಕೇಳ್ತಿರೋದು.

ಈಗ ನನ್ನ ನಿಜವಾದ ತಲೆನೋವು ಕೇಳಿ. ನಮ್ಮಲ್ಲಿ ಯಾವ 8ಡಿ ತೆಗೆದ್ರೂ ರೂಟ್ ಕಾಸ್ ಒಂದೇ, ಆಪರೇಟರ್ ನೆಗ್ಲಿಜೆನ್ಸ್. ಆ್ಯಕ್ಷನ್ ಒಂದೇ, ಟ್ರೈನಿಂಗ್ ಗಿವನ್. ಇನ್ಸರ್ಟ್ ಸವೆದು ಡಯಾ ದಪ್ಪ ಆಗಿದ್ರೂ ಹಾಗೇ ಬರೀತೀವಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಪೋರ್ಟಲ್ ಅದನ್ನ ಅಕ್ಸೆಪ್ಟ್ ಮಾಡ್ಬಿಡುತ್ತೆ, ಜಪಾನಿನವ್ರು ಮಾತ್ರ ವಾಪಸ್ ಕಳಿಸ್ತಾರೆ. ಇನ್ನು ಮಷೀನ್ ನಿಲ್ಲಿಸೋ ಮಾತು, ನಮ್ಮ ಹುಡುಗ್ರಿಗೆ ಇನ್ಸೆಂಟಿವ್ ಇರೋದು ಪೀಸ್ ಲೆಕ್ಕದಲ್ಲಿ. ಯಾರ್ ನಿಲ್ಲಿಸ್ತಾರೆ?

ಬಿಡದಿ ಲೈನ್‌ಮ್ಯಾನ್

ಅದೇ ನೋಡಿ, ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಬರ್ದಿದೀರ. ಒಂದು ಸಿಸ್ಟಮ್ ಸಾಕು, ಅದು ಮಷೀನ್ ಹತ್ರದಿಂದ ಶುರು ಆಗ್ಲಿ.

ಪೂರ್ತಿ ಶಾಪಿಗೆ ಕೈ ಹಾಕ್ಬೇಡಿ, ಯಾವ ಪಾರ್ಟಿಗೆ ಜಾಸ್ತಿ ರಿಜೆಕ್ಷನ್ ಬರ್ತಿದ್ಯೋ ಆ ಮಷೀನ್ ಒಂದೇ ತಗೊಳಿ. ಟಾಲರೆನ್ಸ್ (ಒಪ್ಪೋ ಅಳತೆ ಮಿತಿ) ಮುಗಿಯೋಕೆ ಮುಂಚೆನೇ ಒಂದು ಗೆರೆ ಹಾಕಿ, ರೀಡಿಂಗ್ ಅಲ್ಲಿಗೆ ಬಂದ್ರೆ ಆಪರೇಟರ್ ನಿಲ್ಲಿಸಿ ಲೈಟ್ ಹಾಕ್ಲಿ, ಸೂಪರ್‌ವೈಸರ್ ಬಂದು ಸೈನ್ ಮಾಡಿದ್ಮೇಲೆ ಶುರು ಮಾಡ್ಲಿ. ಆ ನಿಂತ ಸಮಯವನ್ನ ಇನ್ಸೆಂಟಿವ್ ಲೆಕ್ಕದಿಂದ ಬಿಡಿ, ಇದು ಓನರ್ ಬಾಯಿಂದಲೇ ಬರ್ಬೇಕು, ನೀವು ಹೇಳಿದ್ರೆ ಯಾರೂ ನಂಬಲ್ಲ. ಇನ್ಸರ್ಟ್‌ಗೆ ಇಷ್ಟು ಪೀಸ್ ಅಂತ ಕೌಂಟರ್ ಇಡಿ, ಕೌಂಟ್ ಆದ್ಮೇಲೆ ಸೈಕಲ್ ಸ್ಟಾರ್ಟ್ ಆಗದ ಹಾಗೆ ಪ್ರೋಗ್ರಾಮಲ್ಲೇ ಹಾಕ್ಬಹುದು. ಮುಂದಿನ ಸಲ 8ಡಿಯಲ್ಲಿ ಅದನ್ನ ಬರೀರಿ, ಟ್ರೈನಿಂಗ್ ಗಿವನ್ ಬಿಟ್ಬಿಡಿ.

ನಿಲ್ಲಿಸಿದ್ದು, ಯಾರು ಬಂದ್ರು, ಏನ್ ಮಾಡಿದ್ರು ಇಷ್ಟನ್ನ ಒಂದು ಶೀಟಲ್ಲಿ ಬರೀತಾ ಬನ್ನಿ. ಜಪಾನಿನವ್ರಿಗೆ ಮಷೀನ್ ಹತ್ರಾನೇ ತೋರ್ಸಿ, ಜರ್ಮನಿಯವ್ರಿಗೆ ಪ್ರೊಡಕ್ಷನ್ ಪ್ರಶ್ನೆಗಳಿಗೆ ಎವಿಡೆನ್ಸ್ ಅದೇ, ಅಮೆರಿಕದವ್ರಿಗೆ ಕಂಟ್ರೋಲ್ ಪ್ಲಾನಿನ ರಿಯಾಕ್ಷನ್ ಪ್ಲಾನ್ (ಅಳತೆ ತಪ್ಪಿದ್ರೆ ಏನ್ ಮಾಡ್ಬೇಕು ಅನ್ನೋ) ಕಾಲಮಲ್ಲಿ ಇದನ್ನೇ ಹಾಕಿ.

ಹಳೇ ಎಸ್‌ಕ್ಯೂಸಿ

ಒಂದು ಸೇರ್ಸಿ. ಆ ಗೆರೆ ಎಲ್ಲಿ ಹಾಕೋದು ಅಂತ ಅಂದಾಜಲ್ಲಿ ಮಾಡ್ಬೇಡಿ, ಮೊದಲು ಗೇಜ್ ಆರ್‌ ಆ್ಯಂಡ್ ಆರ್ (ಅಳೆಯೋ ಗೇಜು, ಅಳೆಯೋ ಜನರಿಂದ ರೀಡಿಂಗ್ ಎಷ್ಟು ಬದಲಾಗುತ್ತೆ ಅನ್ನೋ ಟೆಸ್ಟು) ನೋಡಿ. ಗೇಜೇ 30 ಪರ್ಸೆಂಟ್ ಮೇಲೆ ಅಲ್ಲಾಡ್ತಿದ್ರೆ ಹುಡುಗ ಸುಮ್ಸುಮ್ನೆ ಮಷೀನ್ ನಿಲ್ಲಿಸ್ತಾನೆ, ಒಂದು ವಾರದಲ್ಲಿ ಎಲ್ರಿಗೂ ಬೇಜಾರಾಗಿ ಲೈಟ್ ವೈರ್ ಕಿತ್ತು ಹಾಕ್ತಾರೆ.

ಪೀಣ್ಯ ಸೆಕೆಂಡ್ ಸ್ಟೇಜ್

ಸರ್, ನಮ್ದು ಡಯಲ್ ಸ್ನ್ಯಾಪ್ ಗೇಜು. ಮೂರು ಜನ, ಹತ್ತು ಪೀಸ್ ಇಟ್ಕೊಂಡು ಸೋಮವಾರ ಮಾಡಿ ರೀಡಿಂಗ್ ಇಲ್ಲೇ ಹಾಕ್ತೀನಿ.