ಪದಚರ್ಚೆ: ಮೆಟಾಸ್ಟಾಸಿಸ್, ಇಮ್ಯುನೊಥೆರಪಿ – ನಾಳೆ ಬೆಳಿಗ್ಗೆಯೊಳಗೆ ಪದ ಬೇಕು

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿ ಒಂದು ವಿಜ್ಞಾನ ಉಪನ್ಯಾಸವಿದೆ. ಮಾತನಾಡುವವರು ಕ್ಯಾನ್ಸರ್ ಸಂಶೋಧಕರು. ದೇಹದ ಬೇರೆಡೆ ಹುಟ್ಟಿ ಮಿದುಳನ್ನು ಸೇರಿಕೊಳ್ಳುವ ಕ್ಯಾನ್ಸರ್‌ನ ಮೇಲೆ ಇಮ್ಯುನೊಥೆರಪಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರ ವಿಷಯ. ಕ್ಯಾನ್ಸರ್ ಹೀಗೆ ಇನ್ನೊಂದೆಡೆಗೆ ಹರಡುವುದೇ ಮೆಟಾಸ್ಟಾಸಿಸ್; ದೇಹದ ರಕ್ಷಣಾ ಕೋಶಗಳಿಂದಲೇ ಅದನ್ನು ಎದುರಿಸುವ ಚಿಕಿತ್ಸೆ ಇಮ್ಯುನೊಥೆರಪಿ. ಬ್ಯಾನರಿನ ಬರಹವನ್ನೂ ರೋಗಿಗಳ ಮನೆಯವರಿಗೆ ಹಂಚುವ ಕಿರುಹೊತ್ತಗೆಯನ್ನೂ ನಾನು ಕನ್ನಡಿಸಬೇಕು. ಮುದ್ರಣದವರು ನಾಳೆ ಬೆಳಿಗ್ಗೆ ಕೇಳುತ್ತಾರೆ.

ಮೆಟಾಸ್ಟಾಸಿಸ್‌ಗೆ ಕೈಗೆ ಸಿಕ್ಕಿದ್ದು ‘ಸ್ಥಾನಾಂತರಣ’. ಇದನ್ನು ಓದಿದವರು ಗಡ್ಡೆ ಶ್ವಾಸಕೋಶವನ್ನು ಖಾಲಿ ಮಾಡಿ ಮಿದುಳಿಗೆ ಹೋಯಿತೆಂದು ತಿಳಿಯುತ್ತಾರೆ. ನಡೆಯುವುದು ಹಾಗಲ್ಲ. ಮೊದಲ ಗಡ್ಡೆ ಇದ್ದಲ್ಲೇ ಇರಬಹುದು, ಅದರಿಂದ ಕಳಚಿದ ಜೀವಕೋಶಗಳು ರಕ್ತದಲ್ಲಿ ಸಾಗಿ ಇನ್ನೊಂದೆಡೆ ಬೆಳೆಯುತ್ತವೆ. ‘ಮಿದುಳಿನ ಕ್ಯಾನ್ಸರ್’ ಎಂದು ಬರೆದರೆ ಇನ್ನೂ ದೊಡ್ಡ ತಪ್ಪು. ಶ್ವಾಸಕೋಶದಿಂದ ಬಂದ ಕೋಶ ಮಿದುಳಿನಲ್ಲಿ ಬೆಳೆದರೂ ಅದು ಶ್ವಾಸಕೋಶದ ಕ್ಯಾನ್ಸರೇ, ಔಷಧವನ್ನು ಆರಿಸುವಾಗ ವೈದ್ಯರು ಆ ಮೂಲವನ್ನೇ ನೋಡುತ್ತಾರೆ. ವಯಸ್ಕರಲ್ಲಿ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಿಂತ ಹೀಗೆ ಹೊರಗಿನಿಂದ ಬಂದದ್ದೇ ಹೆಚ್ಚು. ಶ್ವಾಸಕೋಶ, ಸ್ತನ, ಚರ್ಮದ ಮೆಲನೋಮಾ, ಇವು ಅದರ ಮುಖ್ಯ ಮೂಲಗಳು. ನಮ್ಮ ಪದ ಇದನ್ನು ಮರೆಮಾಡಬಾರದು.

ಇಮ್ಯುನೊಥೆರಪಿಗೆ ‘ರೋಗನಿರೋಧಕ ಚಿಕಿತ್ಸೆ’ ಎಂದು ಬರೆದು ಹೊಡೆದುಹಾಕಿದ್ದೇನೆ. ಓದುವವರಿಗೆ ಅದು ಲಸಿಕೆ ಎನಿಸುತ್ತದೆ. ದಯವಿಟ್ಟು ಬೇಗ ತಿಳಿಸಿ.

ಕೊಪ್ಪದಿಂದ:

ಮೊದಲು ‘ಕ್ಯಾನ್ಸರ್’ ತೆಗೆಯಿರಿ. ‘ಅರ್ಬುದ’ ಇರುವಾಗ ಸಾಲ ಏಕೆ? ಮೆಟಾಸ್ಟಾಸಿಸ್‌ಗೂ ಪದವನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೊದಲಿದ್ದ ಗಡ್ಡೆಯ ಮೇಲೆ ಹುಟ್ಟುವ ಮತ್ತೊಂದಕ್ಕೆ ‘ಅಧ್ಯರ್ಬುದ’ ಎಂದಿದೆ. ಜೋಡಿಯಾಗಿ, ಒಟ್ಟಿಗೋ ಒಂದರ ನಂತರ ಒಂದೋ ಹುಟ್ಟಿದರೆ ‘ದ್ವಿರರ್ಬುದ’. ಬ್ಯಾನರಿಗೆ ‘ಮಸ್ತಿಷ್ಕ ದ್ವಿರರ್ಬುದ’ ಎಂದು ಹಾಕಿಸಿ. ಶಾಸ್ತ್ರಶುದ್ಧವಾಗಿದೆ.

ಅರಸೀಕೆರೆಯಿಂದ:

ಕೊಪ್ಪದವರು ಶ್ಲೋಕವನ್ನು ಕೊನೆಯವರೆಗೆ ಹೇಳಲಿಲ್ಲ. ದ್ವಿರರ್ಬುದವನ್ನು ಹೆಸರಿಸಿದ ಉಸಿರಿನಲ್ಲೇ ಸುಶ್ರುತ ಅದನ್ನು ‘ಅಸಾಧ್ಯ’, ಅಂದರೆ ಗುಣವಾಗದ್ದು ಎನ್ನುತ್ತಾನೆ. ಗುಣಪಡಿಸುವ ದಾರಿಯನ್ನು ತಿಳಿಸಲೆಂದೇ ನಡೆಯುವ ಉಪನ್ಯಾಸದ ಬಾಗಿಲಿಗೆ ಆ ಹೆಸರನ್ನು ಕಟ್ಟುವುದೇ? ಬೇಡ.

ನನ್ನ ಸಲಹೆ ‘ಹರಡುಗಂತಿ’, ಅಂದರೆ ಹರಡುವ ಗಡ್ಡೆ. ಸುಡುಗಾಡು, ತೂಗುತೊಟ್ಟಿಲು ಇದ್ದಂತೆ ಗಮಕ ಸಮಾಸ. ‘ಸ್ಥಾನಾಂತರಣ’ ಯಾರ ಬಾಯಲ್ಲೂ ಇಲ್ಲ, ‘ಹರಡಿದೆ’ ಎಲ್ಲರ ಬಾಯಲ್ಲೂ ಇದೆ. ಇಮ್ಯುನೊಥೆರಪಿಗೆ ‘ಮೈಕಾಪು ಮದ್ದು’. ಶ್ವಾಸಕೋಶ ಎಂದು ಬರೆಯುವುದನ್ನೂ ಬಿಡಿ, ‘ಪುಪ್ಪುಸ’ವೂ ಬೇಡ, ‘ಉಸಿರುಚೀಲ’ ಸಾಕು.

ಬೇಲೂರಿನಿಂದ:

ಇಮ್ಯುನಿಟಿಯ ಬೇರನ್ನು ಯಾರೂ ನೋಡಲಿಲ್ಲವಲ್ಲ! ಲ್ಯಾಟಿನ್ನಿನ ‘ಇಮ್ಯುನಿಸ್’ ಎಂದರೆ ತೆರಿಗೆಯಿಂದ, ಸರ್ಕಾರಿ ಸೇವೆಯ ಹೊರೆಯಿಂದ ಬಿಡುಗಡೆ ಪಡೆದವನು. ಇದಕ್ಕೆ ಸಮನಾಗಿ ತೆರಿಗೆಯ ವಿನಾಯಿತಿಯನ್ನು ಹೇಳುವ ಮಾತು ನಮ್ಮ ಸೀಮೆಯ ಶಾಸನದ ಕಲ್ಲುಗಳ ಮೇಲೆ ಬೇಕಾದಷ್ಟಿದೆ: ಸರ್ವಮಾನ್ಯ, ಉಂಬಳಿ, ಸರ್ವಬಾಧಾಪರಿಹಾರ. ‘ಮಾನ್ಯ’ವನ್ನು ಹಿಡಿದು ‘ದೇಹಮಾನ್ಯ ಚಿಕಿತ್ಸೆ’ ಎನ್ನಬಹುದು. ಪರಭಾಷೆಯ ರೂಪಕಕ್ಕೆ ನಮ್ಮದೇ ರೂಪಕ ಸಿಕ್ಕಿದಾಗ ಕೈಬಿಡಬಾರದು.

ಚಿಕ್ಕಮಗಳೂರಿನಿಂದ:

ಕ್ಯಾನ್ಸರ್ ರೋಗಿಗಳ ಮನೆಯವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಬೇಲೂರಿನ ಹಿರಿಯರ ಶಾಸನಜ್ಞಾನದ ಬಗ್ಗೆ ಗೌರವವಿದೆ. ಪದ ಮಾತ್ರ ಹೊಂದುವುದಿಲ್ಲ. ಈ ಚಿಕಿತ್ಸೆ ಯಾರಿಗೂ ಯಾವುದರಿಂದಲೂ ವಿನಾಯಿತಿ ಕೊಡುವುದಿಲ್ಲ. ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ರಕ್ಷಣಾ ಕೋಶಗಳಿವೆ. ಅವು ಎಲ್ಲೆ ಮೀರಿ ಸ್ವಂತ ದೇಹವನ್ನೇ ಕೆಡಿಸದಂತೆ ಅವುಗಳ ಮೇಲೆ ಸಿಟಿಎಲ್‌ಎ-4, ಪಿಡಿ-1 ಎಂಬ ತಡೆಗಳಿವೆ. ಕ್ಯಾನ್ಸರ್ ಇಂಥ ತಡೆಗಳ ಮರೆಯಲ್ಲಿ ಉಳಿದುಕೊಳ್ಳುತ್ತದೆ. ಔಷಧ ಆ ತಡೆಯನ್ನು ಬಿಡಿಸುತ್ತದೆ, ಹೋರಾಡುವುದು ನಮ್ಮ ಕೋಶಗಳೇ. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂದದ್ದು ಈ ತಿಳಿವಿಗಾಗಿ.

ತಡೆ ಬಿಟ್ಟ ಮೇಲೆ ಕರುಳು, ಥೈರಾಯ್ಡ್, ಯಕೃತ್ತು ಕೂಡ ಪೆಟ್ಟು ತಿನ್ನಬಹುದು. ‘ಮೈಕಾಪು’ ಎಂದರೆ ಇದೊಂದು ಟಾನಿಕ್ ಎಂದು ಜನ ನಂಬುತ್ತಾರೆ. ಭೇದಿ ಹೆಚ್ಚಾದರೂ ವೈದ್ಯರಿಗೆ ತಿಳಿಸುವುದಿಲ್ಲ. ಇದು ಬರಿಯ ಪದದ ಪ್ರಶ್ನೆಯಲ್ಲ, ಅರಸೀಕೆರೆಯವರೇ.

ಮಿದುಳಿನ ವಿಷಯಕ್ಕೆ ಬರೋಣ. 2018ರಲ್ಲೇ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೆಲನೋಮಾ ಮಿದುಳಿಗೆ ಹರಡಿದ್ದ, ಆದರೆ ಅದರ ಲಕ್ಷಣಗಳು ಇನ್ನೂ ಕಾಣಿಸದಿದ್ದ 94 ರೋಗಿಗಳಿಗೆ ಈ ತಡೆ ಬಿಡಿಸುವ ಔಷಧಗಳಾದ ಇಪಿಲಿಮುಮಾಬ್, ನಿವೊಲುಮಾಬ್ ಎರಡನ್ನೂ ಕೊಟ್ಟರು. ಮಿದುಳಿನೊಳಗೆ ಪ್ರಯೋಜನ ಕಂಡದ್ದು ಶೇ 57 ಮಂದಿಗೆ. ಶೇ 26 ಮಂದಿಯಲ್ಲಿ ಮಿದುಳಿನ ಗಡ್ಡೆಗಳು ಪೂರ್ತಿ ಕಾಣೆಯಾದವು. ಇದನ್ನು ಹೊತ್ತಗೆಯಲ್ಲಿ ಹಾಕಿ. ಲಕ್ಷಣವಿಲ್ಲದವರು ಎಂಬ ಮಾತನ್ನು ಬಿಡಬೇಡಿ. ಮಿದುಳಿನ ಬಾವು ಇಳಿಸಲು ಸ್ಟೆರಾಯ್ಡ್ ಬೇಕಾಗುವವರ ಪಾಡು ಬೇರೆ. ಆ ಸ್ಟೆರಾಯ್ಡೇ ಟಿ ಕೋಶಗಳನ್ನು ಕುಗ್ಗಿಸುತ್ತದೆ.

ಪದ ಬೇಕೆಂದರೆ ‘ಇಮ್ಯುನೊಥೆರಪಿ’ ಎಂದೇ ಬರೆಯಿರಿ. ಚೀಟಿಯಲ್ಲಿ, ಬಿಲ್ಲಿನಲ್ಲಿ, ವೈದ್ಯರ ಬಾಯಲ್ಲಿ ಅವರು ಕೇಳುವ ಹೆಸರು ಅದು. ಕೀಮೋ ಅಲ್ಲ ಎಂದು ಅವರಿಗೆ ಗೊತ್ತಾಗಬೇಕು.

ಬೇಲೂರಿನಿಂದ:

ಅಮ್ಮಾ, ತಿಳಿಯಿತು. ಚಿಕಿತ್ಸೆಯ ಹೆಸರಿನ ಪಟ್ಟು ಬಿಟ್ಟೆ. ಒಂದು ಮಾತನ್ನು ಮಾತ್ರ ಬಿಡಲಾರೆ. ಮಿದುಳು ದೇಹದ ರಕ್ಷಣಾ ಪಡೆಗೆ ಹೊರಗಿನ ಜಾಗ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರಂತೆ. 2015ರಲ್ಲಿ ಇಲಿಗಳ ಮಿದುಳಿನ ಪೊರೆಯಲ್ಲಿ ರಕ್ಷಣಾ ಕೋಶಗಳನ್ನು ಒಯ್ಯುವ ದುಗ್ಧರಸದ (ಲಿಂಫ್) ನಾಳಗಳು ಕಂಡ ಮೇಲೆ ಆ ನಂಬಿಕೆ ಇನ್ನಷ್ಟು ಸಡಿಲಿತು ಎಂದು ಓದಿದ್ದೇನೆ. ತಾಮ್ರಶಾಸನಗಳಲ್ಲಿ ದತ್ತಿಯ ನೆಲಕ್ಕೆ ‘ಅಚಾಟಭಟಪ್ರವೇಶ’ ಎಂಬ ವಿಶೇಷಣವಿದೆ. ಅರಸನ ಭಟರು ಕಾಲಿಡಬಾರದ ನೆಲ. ಮಿದುಳಿನ ಬಗೆಗಿನ ಹಳೆಯ ಕಲ್ಪನೆ ತದ್ವತ್ ಅದೇ. ಉಪನ್ಯಾಸಕರಿಗೆ ಇದನ್ನು ಹೇಳಿ, ಸಂತೋಷಪಡುತ್ತಾರೆ.

ಅರಸೀಕೆರೆಯಿಂದ:

ಇಮ್ಯುನೊಥೆರಪಿ, ಕ್ಯಾನ್ಸರ್, ಸ್ಟೆರಾಯ್ಡ್, ಎಲ್ಲವನ್ನೂ ಹಾಗೇ ಇಟ್ಟರೆ ಕನ್ನಡಿಸಿದ್ದು ಏನನ್ನು? ಹೀಗೆ ಒಂದೊಂದನ್ನೇ ಬಿಟ್ಟುಕೊಡುತ್ತಾ ಹೋದರೆ ವೈದ್ಯಕೀಯ ಕನ್ನಡ ಎಂದಿಗೂ ಹುಟ್ಟುವುದಿಲ್ಲ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಹೋಗದಂತೆ ತಡೆಯುವ ‘ಬ್ಲಡ್-ಬ್ರೇನ್ ಬ್ಯಾರಿಯರ್’ಗೆ ‘ರಕ್ತ-ಮಿದುಳು ತಡೆ’ ಎಂದೂ ಬರೆಯಲಿದ್ದೀರಿ ಎಂದು ಕಾಣುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸ ಅದು, ದೋಷ. ‘ನೆತ್ತರು-ಮಿದುಳು ತಡೆ’ ಎನ್ನಿ.

ಸಕಲೇಶಪುರದಿಂದ:

ಅರಿಸಮಾಸದ ಹೆಸರಿನಲ್ಲಿ ಹೆದರಿಸಬೇಡಿ. ದಿನಗೂಲಿ, ಜಿಲ್ಲಾಧಿಕಾರಿ ಎರಡನ್ನೂ ದಿನವೂ ಆಡುತ್ತೇವೆ. ಗಮಕಕ್ಕೆ ಆ ದೋಷವನ್ನು ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಹೇಳಲಿಲ್ಲ. ಆದ್ದರಿಂದ ನಿಮ್ಮದೇ ನಿಯಮದಲ್ಲಿ ‘ಹರಡುಕ್ಯಾನ್ಸರ್’ ಕೂಡ ಸಾಧು.

ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ 450ರ ಸುಮಾರಿನದು. ಅದರ ತುಂಬ ಉದ್ದುದ್ದ ಸಂಸ್ಕೃತ ಸಮಾಸಗಳು. ‘ತ್ಯಾಗಸಂಪನ್ನನ್’ ಎನ್ನುವಲ್ಲಿ ನಾಮಪದವೆಲ್ಲ ಹೊರಗಿನದು, ಕೊನೆಯ ಪ್ರತ್ಯಯ ನಮ್ಮದು. ದಾನ ಮಾಡಿದ್ದನ್ನು ಹೇಳುವ ಕ್ರಿಯಾಪದ ‘ಕೊಟ್ಟಾರ್’. ಹೆಸರುಗಳು ಎಲ್ಲಿಂದಲೋ ಬಂದವು, ವಿಭಕ್ತಿ ಮತ್ತು ಕ್ರಿಯೆ ಬಿಟ್ಟುಕೊಡಲಿಲ್ಲ. ಆದ್ದರಿಂದಲೇ ಅದನ್ನು ಕನ್ನಡ ಶಾಸನ ಎನ್ನುತ್ತೇವೆ. ನಾಮಪದಕ್ಕಾಗಿ ನೀವು ಇಷ್ಟು ಜಗಳವಾಡುತ್ತಿರುವಾಗ ವಿಭಕ್ತಿಯಿಂದ ಕೆಲಸ ತೆಗೆಯುವುದನ್ನು ಯಾರೂ ಯೋಚಿಸಿಲ್ಲ.

ಕೊಪ್ಪದಿಂದ:

ಸಂಸ್ಕೃತವನ್ನೂ ಇಂಗ್ಲಿಷನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಜೊತೆ ನನಗೆ ಚರ್ಚೆಯಿಲ್ಲ.

ಹಾಸನದಿಂದ:

ಸಕಲೇಶಪುರದವರೇ, ನನಗೆ ಬೇಕಾದದ್ದು ಸಿಕ್ಕಿತು. ಮೆಟಾಸ್ಟಾಸಿಸ್‌ಗೆ ಒಂದು ನಾಮಪದವನ್ನೇ ಹುಡುಕುತ್ತಿದ್ದುದರಿಂದ ‘ಎಲ್ಲಿಂದ’ ಎಂಬುದು ಪ್ರತಿ ಸಲವೂ ಬಿಟ್ಟುಹೋಗುತ್ತಿತ್ತು. ‘ಶ್ವಾಸಕೋಶದಿಂದ ಮಿದುಳಿಗೆ ಹರಡಿದ ಕ್ಯಾನ್ಸರ್’ ಎಂದರೆ ಮೂಲವೂ ನೆಲೆಯೂ ತಿಳಿಯುತ್ತವೆ. ಕಿರುಹೊತ್ತಗೆಯಲ್ಲಿ ಎಲ್ಲ ಕಡೆಯೂ ಹೀಗೇ ಬರೆಯುತ್ತೇನೆ, ಎಷ್ಟು ಸಲ ಬಂದರೂ ಚಿಕ್ಕದು ಮಾಡುವುದಿಲ್ಲ. ಬ್ಯಾನರಿಗೆ: ‘ಮಿದುಳಿಗೆ ಹರಡಿದ ಕ್ಯಾನ್ಸರ್: ಇಮ್ಯುನೊಥೆರಪಿಯಿಂದ ಏನು ಸಾಧ್ಯ?’

ಅರಸೀಕೆರೆಯವರೇ, ‘ಹರಡು’ ನಿಮ್ಮ ಕೊಡುಗೆ, ಕೃತಜ್ಞ. ‘ರಕ್ತ’ವನ್ನು ಬದಲಿಸುವುದಿಲ್ಲ. ರಕ್ತಪರೀಕ್ಷೆಗೆ ಸಾಲಿನಲ್ಲಿ ನಿಂತು ಬಂದವರು ಇದನ್ನು ಓದುತ್ತಾರೆ. ‘ಉಸಿರುಚೀಲ’ವೂ ಬೇಡ.

ಚಿಕ್ಕಮಗಳೂರಿನವರು ಹೇಳಿದಂತೆ ಇಮ್ಯುನೊಥೆರಪಿ ಮೊದಲು ಬಂದಲ್ಲಿ ಹೀಗೆ ಬರೆದಿದ್ದೇನೆ: ‘ಕ್ಯಾನ್ಸರ್ ವಿರುದ್ಧ ಹೋರಾಡಲು ದೇಹದ ರಕ್ಷಣಾ ಕೋಶಗಳಿಗೆ ನೆರವಾಗುವ ಚಿಕಿತ್ಸೆ. ಇದು ಲಸಿಕೆಯಲ್ಲ, ಕೀಮೋ ಅಲ್ಲ. ಇದರಿಂದಲೂ ಅಡ್ಡಪರಿಣಾಮಗಳು ಬರಬಹುದು. ಭೇದಿ, ಉಸಿರಾಟದ ತೊಂದರೆ, ವಿಪರೀತ ಸುಸ್ತು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.’ ಮನೆಯವರಿಗೆ ಇದು ಅರ್ಥವಾಗುತ್ತದೆಯೇ, ಹೆದರಿಕೆ ಹುಟ್ಟಿಸುತ್ತದೆಯೇ ಎಂಬುದನ್ನು ಚಿಕ್ಕಮಗಳೂರಿನವರೇ ನೋಡಿ ಹೇಳಬೇಕು. ರಾತ್ರಿ ಹತ್ತರವರೆಗೆ ತಿದ್ದುಪಡಿ ತೆಗೆದುಕೊಳ್ಳುತ್ತೇನೆ.