ನಾಟಕದ ಗುಡುಗಿಗೆ ಮೊಬೈಲ್ ಸಾಕಾ, ತಗಡು ಬೇಕಾ?

ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯವರು ನಾಟಕ ಆಡುತ್ತಿದ್ದೇವೆ. ಮಳೆ, ಗುಡುಗು, ಕುದುರೆ ಓಟ, ಒಂದು ಗುಂಡಿನ ಸದ್ದು ಬೇಕು. ಮೊಬೈಲಿನಿಂದ ಸ್ಪೀಕರ್‌ಗೆ ಕೊಟ್ಟರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

— ಮೊಬೈಲ್ ನಂಬಿ ಕೆಟ್ಟವನು ನಾನು. ಸದ್ದನ್ನು ಮೊದಲೇ ಇಳಿಸಿಕೊಳ್ಳದೆ ನೇರ ಇಂಟರ್ನೆಟ್‌ನಿಂದ ಹಾಕಿದೆವು. ಗುಡುಗು ಬರಬೇಕಾದಲ್ಲಿ ಬನಿಯನ್ ಜಾಹೀರಾತು ಬಂತು! ಮುಂದಿನ ವರ್ಷ ತಗಡು ತಂದೆವು. ಸುಮಾರು 6 ಅಡಿ ಉದ್ದ, 3 ಅಡಿ ಅಗಲದ ತೆಳು ಶೀಟ್. ಮೇಲಿಂದ ಹಗ್ಗದಲ್ಲಿ ನೇತುಹಾಕಿ, ಕೆಳ ಅಂಚು ಹಿಡಿದು ಅಲುಗಿಸಬೇಕು. ಮೆಲ್ಲಗೆ ಅಲುಗಿಸಿದರೆ ದೂರದ ಗುಡುಗು, ಝಾಡಿಸಿದರೆ ನೆತ್ತಿಯ ಮೇಲಿನದು. ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ. ಇನ್ನೊಂದು ಮಾತು. ಮಿಂಚಿನ ಲೈಟ್ ಬಿದ್ದ ತಕ್ಷಣ ಬಾರಿಸಬೇಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲೆ ಅಲುಗಿಸಿ. ಆ ಮೌನದಲ್ಲೇ ಜನ ಬೆಚ್ಚುವುದು.

— ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮಗೆ ತೆಂಗಿನ ಕರಟವೇ ಗತಿ. ನಾರು ಪೂರ್ತಿ ಕೆರೆದು, ಎರಡು ಹೋಳನ್ನು ಹಲಗೆಯ ಮೇಲೆ ಬಡಿಯಿರಿ. ಮಣ್ಣಿನ ದಾರಿಯಾದರೆ ಟ್ರೇನಲ್ಲಿ ಮರಳು ಹಾಕಿಕೊಳ್ಳಿ. ಎಲ್ಲರೂ ತಪ್ಪುವುದು ಲಯದಲ್ಲಿ. ಕುದುರೆ ನಡೆಯುವಾಗ ನಾಲ್ಕು ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತವೆ. ಕುಕ್ಕುಲೋಟಕ್ಕೆ, ಅಂದರೆ ನಡಿಗೆಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನದ ಓಟಕ್ಕೆ, ಎರಡೇ ಪೆಟ್ಟು. ಒಂದೇ ಸಮ ಟಕಟಕ ಅಂದರೆ ಕುದುರೆಯಲ್ಲ, ಟೈಪ್‌ರೈಟರ್! ಮಳೆಗೆ ಬಿದಿರಿನ ಮೊರದಲ್ಲಿ ರಾಗಿ ಹಾಕಿ ಓಲಾಡಿಸಿ. ಹತ್ತಿರ ಮೈಕ್ ಇರಲಿ, ಇಲ್ಲದಿದ್ದರೆ ಮೂರನೇ ಸಾಲಿಗೂ ಕೇಳಿಸುವುದಿಲ್ಲ.

— ಗುಂಡಿನ ಸದ್ದಿಗೆ ಪಟಾಕಿ ಬೇಡವೇ ಬೇಡ. ಪರದೆ, ಬಟ್ಟೆ, ಹೊಗೆ ಅಂತ ತಲೆನೋವು ಜಾಸ್ತಿ. ಉದ್ದದ ಹಲಗೆಯ ಒಂದು ತುದಿಯನ್ನು ಕಾಲಲ್ಲಿ ಒತ್ತಿಹಿಡಿದು, ಇನ್ನೊಂದು ತುದಿ ಎತ್ತಿ ನೆಲಕ್ಕೆ ಬಿಡಿ. ಕಣ್ಣು ನಟನ ಬೆರಳಿನ ಮೇಲಿರಲಿ. ನಾವು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆವು. ಸದ್ದು ತಡವಾಗಿ ಬಂತು, ಅಷ್ಟರಲ್ಲಿ ಖಳನಾಯಕ ಸತ್ತು ಮಲಗಿದ್ದ. ಹಕ್ಕಿ, ರೈಲು, ಸಂತೆ ಗದ್ದಲಕ್ಕೆ ರೆಕಾರ್ಡಿಂಗ್ ಸಾಕು, ಆದರೆ ವೈರ್ ಹಾಕಿಯೇ ಕೊಡಿ.

— ಸದ್ದು ಮಾಡುವವನನ್ನು ತಾಲೀಮಿನ ಮೊದಲ ದಿನದಿಂದಲೇ ಕರೆಯಿರಿ. ನಮ್ಮ ಹುಡುಗ ಪ್ರದರ್ಶನದ ದಿನವೇ ಬಂದ. ತಾಯಿ ಅಳುವ ದೃಶ್ಯವನ್ನು ಮೊದಲ ಸಲ ನೋಡುತ್ತಾ ಮೈಮರೆತ. ಮೊರ ಓಲಾಡುತ್ತಲೇ ಇತ್ತು. ಆಚೆ ನಾಯಕ ಕಿಟಕಿ ತೆರೆದು ‘ಎಂಥ ಬಿಸಿಲು!’ ಅಂದ.